ಏಪ್ರಿಲ್‌ನಲ್ಲಿ ಹಸಿರಾಗುವ ಕೆರೆಗೆ ಜುಲೈ ತಿಂಗಳ ಗೊಬ್ಬರ ಹೊಣೆಯೇ?

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಸುಮಾರು ಇಪ್ಪತ್ತೈದು ಎಕರೆಯ ನಮ್ಮೂರ ಕೆರೆ ಮೂರು ವರ್ಷಗಳಿಂದ ಮಾರ್ಚ್ ಕಳೆಯಿತೆಂದರೆ ಹಸಿರು ಪೇಂಟ್ ಚೆಲ್ಲಿದಂತಾಗಿ ನಾರುತ್ತದೆ. ಈ ವರ್ಷ ಒಂದು ಬೆಳಿಗ್ಗೆ ಎದ್ದು ನೋಡಿದರೆ ಮೀನುಗಳು ಸತ್ತು ತೇಲುತ್ತಿದ್ದವು. ಮೀನಿನ ಗುತ್ತಿಗೆ ಹಿಡಿದವರು ಇದಕ್ಕೆಲ್ಲ ರೈತರ ಯೂರಿಯಾ, ಡಿಎಪಿಯೇ ಕಾರಣ ಎನ್ನುತ್ತಾರೆ. ಆದರೆ ನಾವು ಗೊಬ್ಬರ ಹಾಕುವುದು ಜುಲೈ, ಆಗಸ್ಟ್‌ನಲ್ಲಿ. ಕೆರೆ ಹಸಿರಾಗುವುದು ಏಪ್ರಿಲ್‌ನಲ್ಲಿ. ಸಾಲದ್ದಕ್ಕೆ ನನ್ನ ಗದ್ದೆ ಇರುವುದು ಏರಿಯ ಕೆಳಗಿನ ಅಚ್ಚುಕಟ್ಟಿನಲ್ಲಿ. ಅವರ ಮಾತು ಎಷ್ಟು ಸರಿ? ಯೂರಿಯಾ ಬಿಟ್ಟರೆ ಕೆರೆ ಸರಿಹೋಗುತ್ತದೆಯೇ? ದನಗಳಿಗೆ ಆ ನೀರು ಕುಡಿಸಬಹುದೇ?

ಉತ್ತರ: ದನಗಳ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ; ಉಳಿದದ್ದನ್ನು ನಿಧಾನವಾಗಿ ಓದಿದರೂ ನಡೆಯುತ್ತದೆ. ನೀರಿನ ಮೇಲೆ ಹಸಿರು ಕೆನೆ ಕಟ್ಟಿರುವಷ್ಟು ದಿನ ಆ ನೀರನ್ನು ದನಕ್ಕಾಗಲಿ, ಕುರಿ-ಮೇಕೆಗಾಗಲಿ, ಮನೆಯ ನಾಯಿಗಾಗಲಿ ಕುಡಿಸಬೇಡಿ. ಮಕ್ಕಳನ್ನು ಅದರಲ್ಲಿ ಈಜಲು ಬಿಡಬೇಡಿ. ಸತ್ತು ತೇಲಿದ ಮೀನನ್ನು ಅಗ್ಗಕ್ಕೆ ಸಿಕ್ಕಿತೆಂದು ಮನೆಗೆ ತರಬೇಡಿ. ಅಂಥ ನೀರು ಕುಡಿದ ದನ ತೂರಾಡಿದರೆ, ಮೇವು ಬಿಟ್ಟು ಮಲಗಿದರೆ, ತಡಮಾಡದೆ ಪಶುವೈದ್ಯರನ್ನು ಕರೆಸಿ, ಕೆರೆಯ ಸಂಗತಿಯನ್ನೂ ಅವರಿಗೆ ತಿಳಿಸಿ. ನೀವು ಪೇಂಟ್ ಎಂಬ ಹೋಲಿಕೆ ಕೊಟ್ಟಿದ್ದೀರಿ. 1878ರಲ್ಲಿ ಜಾರ್ಜ್ ಫ್ರಾನ್ಸಿಸ್ ಎಂಬವರು ದಕ್ಷಿಣ ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಸರೋವರದ ನೀರು ಕುಡಿದು ದನ, ಕುರಿ, ಕುದುರೆಗಳು ಸತ್ತುದನ್ನು ವರದಿ ಮಾಡುವಾಗ ನೀರಿನ ಮೇಲಿನ ಕೆನೆಯನ್ನು ಹಸಿರು ಎಣ್ಣೆಬಣ್ಣಕ್ಕೇ ಹೋಲಿಸಿದ್ದರು. ಕಾಯಿಸಿ ಆರಿಸಿದರೆ ಯಾವ ನೀರೂ ಶುದ್ಧ ಎಂಬ ನಮ್ಮ ನಂಬಿಕೆ ಇಲ್ಲಿ ನಡೆಯುವುದಿಲ್ಲ. ಈ ಪಾಚಿಯ ಕೆಲವು ಬಗೆಗಳು ತಯಾರಿಸುವ ಮೈಕ್ರೋಸಿಸ್ಟಿನ್ ಎಂಬ ವಿಷ ಯಕೃತ್ತಿಗೆ ಮಾರಕ. ಕುದಿಸಿದರೆ ಅದು ನಾಶವಾಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.

ಎಲ್ಲ ಹಸಿರೂ ವಿಷವಲ್ಲ ಎಂಬುದನ್ನೂ ಹೇಳಬೇಕು. ಮೀನು ಸಾಕುವವರು ಬೇಕೆಂದೇ ಬೆಳೆಸುವ ತಿಳಿಹಸಿರು ನೀರು ಬೇರೆ, ನೀವು ವಿವರಿಸಿದ ಕೆನೆ ಬೇರೆ. ಎರಡನೆಯದು ನಿಜವಾದ ಅರ್ಥದಲ್ಲಿ ಪಾಚಿಯೂ ಅಲ್ಲ. ಅದು ಸಯನೋಬ್ಯಾಕ್ಟೀರಿಯಾ ಎಂಬ, ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳಬಲ್ಲ ಬ್ಯಾಕ್ಟೀರಿಯಾ. ರೂಢಿಯಲ್ಲಿ ನೀಲಿ-ಹಸಿರು ಪಾಚಿ ಎನ್ನುತ್ತೇವೆ, ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕೈಗೆ ಗ್ಲೌಸ್ ಅಥವಾ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಕೆನೆಯನ್ನಷ್ಟೇ ಬಾಚದೆ ಅದರ ಅಡಿಯಿಂದ, ಉಪ್ಪಿನಕಾಯಿಯ ಗಾಜಿನ ಬಾಟಲಿಯೊಂದರಲ್ಲಿ ಮುಕ್ಕಾಲು ಭಾಗ ನೀರು ತುಂಬಿ, ಮುಚ್ಚಿ, ಅಲುಗಾಡದ ಕಡೆ ಒಂದು ರಾತ್ರಿ ಇಡಿ. ಬೆಳಿಗ್ಗೆ ಹಸಿರೆಲ್ಲ ತಳಕ್ಕಿಳಿದು ಮೇಲೆ ತಿಳಿನೀರು ನಿಂತಿದ್ದರೆ ಅದು ಬಹುಮಟ್ಟಿಗೆ ಸಾಮಾನ್ಯ ಪಾಚಿ. ತಳದಲ್ಲಿ ತಿಳಿಯಾಗಿ, ಹಸಿರೆಲ್ಲ ಮೇಲೆದ್ದು ಬಾಟಲಿಯ ಕತ್ತಿನ ಬಳಿ ಉಂಗುರದಂತೆ ಕಟ್ಟಿದ್ದರೆ ನೀಲಿ-ಹಸಿರು ಪಾಚಿಯೆಂದೇ ಗ್ರಹಿಸಿ ನಡೆಯುವುದು ಕ್ಷೇಮ. ಅದರ ಜೀವಕೋಶಗಳೊಳಗೆ ಗಾಳಿ ತುಂಬಿದ ಅತಿಸೂಕ್ಷ್ಮ ಚೀಲಗಳಿರುತ್ತವೆ. ಬಿಸಿಲು ಬೇಕೆನಿಸಿದಾಗ ಮೇಲೆ ತೇಲಲು ಆ ಚೀಲಗಳೇ ಅದಕ್ಕೆ ಆಧಾರ. ಗಾಳಿಯಿಲ್ಲದ ಬೆಳಗಿನಲ್ಲಿ ಕೆರೆಯ ತುಂಬ ಹರಡಿಕೊಂಡಿದ್ದ ಕೆನೆ ಸಂಜೆ ಗಾಳಿ ಬೀಸಿದ ಮೇಲೆ ಒಂದೇ ದಡಕ್ಕೆ ಒತ್ತರಿಸಿ ನಿಲ್ಲುವುದನ್ನು ನೀವು ಕಂಡಿರಬಹುದು. ದನ ನೀರಿಗಿಳಿಯುವ ಕಡೆಯೇ ಆ ದಡವಾಗಿದ್ದರೆ ಅಪಾಯ ಹೆಚ್ಚು.

ಈಗ ಜಗಳದ ವಿಷಯಕ್ಕೆ ಬರೋಣ. ನೀವು ಎರಡು ವಾದಗಳನ್ನು ಮುಂದಿಟ್ಟಿದ್ದೀರಿ. ಒಂದು ಸರಿ, ಒಂದು ತಪ್ಪು.

ಅಚ್ಚುಕಟ್ಟಿನ ವಾದ ಸರಿ. ತೂಬಿನಿಂದ ಇಳಿದ ನೀರು ನಿಮ್ಮ ಗದ್ದೆಯನ್ನು ಹಾಯ್ದು ಮತ್ತೆ ಏರಿ ಹತ್ತಿ ಕೆರೆಗೆ ಹೋಗುವುದಿಲ್ಲ. ಹೀಗಾಗಿ ಅಚ್ಚುಕಟ್ಟಿನಲ್ಲಿ ಹಾಕಿದ ಗೊಬ್ಬರದಿಂದ ನಿಮ್ಮೂರ ಕೆರೆ ಹಸಿರಾಗಿದೆ ಎನ್ನುವುದು ನೀರಿನ ಓಟಕ್ಕೇ ವಿರುದ್ಧವಾದ ಮಾತು. ಆದರೆ ನಮ್ಮ ಬಯಲುಸೀಮೆಯ ಕೆರೆಗಳು ಒಂಟಿಯಾಗಿಲ್ಲ. ಮೇಲಿನ ಕೆರೆಯ ಕೋಡಿ ನೀರು, ಅದರ ಅಚ್ಚುಕಟ್ಟಿನ ಬಸಿ ನೀರು, ಎರಡೂ ಹಳ್ಳ ಸೇರಿ ಕೆಳಗಿನ ಕೆರೆಗೆ ಹೋಗುವಂತೆ ನಮ್ಮ ಹಿರಿಯರು ಅವನ್ನು ಸರಮಾಲೆಯಾಗಿ ಕಟ್ಟಿದ್ದಾರೆ. ನಿಮ್ಮ ಗದ್ದೆಯ ಗೊಬ್ಬರ ತಲುಪುವುದು ಮುಂದಿನ ಊರಿನ ಕೆರೆಯನ್ನು. ನಿಮ್ಮ ಕೆರೆಗೆ ಬರುವುದು ಮೇಲಿನ ಊರಿನವರ ಅಚ್ಚುಕಟ್ಟಿನದು ಮತ್ತು ನಿಮ್ಮದೇ ಊರಿನ, ಕೆರೆಗಿಂತ ಎತ್ತರದಲ್ಲಿರುವ ಹೊಲ ತೋಟಗಳದು. ಗುತ್ತಿಗೆದಾರರು ಕೈ ತೋರಿಸಬೇಕಾದ ದಿಕ್ಕು ಏರಿಯ ಮೇಲ್ಗಡೆ. ಹೇಮಾವತಿ ನಾಲೆಯಿಂದ ಕೆರೆ ತುಂಬಿಸುವ ಊರುಗಳಲ್ಲಂತೂ ಈ ಲೆಕ್ಕಕ್ಕೆ ನಾಲೆ ಹಾದುಬಂದ ಊರುಗಳನ್ನೂ ಸೇರಿಸಿಕೊಳ್ಳಬೇಕು.

ತಿಂಗಳುಗಳ ವಾದ ಮಾತ್ರ ನಿಲ್ಲುವುದಿಲ್ಲ. ಅದು ಏಕೆ ನಿಲ್ಲುವುದಿಲ್ಲ ಎಂಬುದನ್ನು ತಿಳಿದುಕೊಂಡರೆ ಪರಿಹಾರವೂ ಅರ್ಧ ತಿಳಿದಂತೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಗೊಬ್ಬರದಲ್ಲಿ ಕೆರೆಗೆ ಸಂಬಂಧಪಟ್ಟವು ಎರಡು: ಸಾರಜನಕ ಮತ್ತು ರಂಜಕ. ಯೂರಿಯಾದಲ್ಲಿರುವುದು ಸಾರಜನಕ ಮಾತ್ರ. ಡಿಎಪಿ, ಕಾಂಪ್ಲೆಕ್ಸ್, ಸೂಪರ್ ಫಾಸ್ಫೇಟ್‌ಗಳಲ್ಲಿ ರಂಜಕವಿರುತ್ತದೆ. ಮಣ್ಣಿಗೆ ಬಿದ್ದ ಮೇಲೆ ಇವೆರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಯೂರಿಯಾ ಕೆಲವು ದಿನಗಳಲ್ಲಿ ನೈಟ್ರೇಟ್ ಆಗುತ್ತದೆ. ನೈಟ್ರೇಟನ್ನು ಮಣ್ಣು ಹಿಡಿದಿಟ್ಟುಕೊಳ್ಳಲಾರದು, ನೀರು ಇಳಿದ ಕಡೆಗೆಲ್ಲ ಅದೂ ಇಳಿಯುತ್ತದೆ, ಕೊನೆಗೆ ಬಾವಿ, ಬೋರ್‌ವೆಲ್ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಕೋಲಾರ, ತುಮಕೂರು ಕಡೆಯ ಎಷ್ಟೋ ಬೋರ್‌ವೆಲ್‌ಗಳ ನೀರು ಆ ಗಡಿ ದಾಟಿದೆ. ರಂಜಕದ ಸ್ವಭಾವ ಇದಕ್ಕೆ ಪೂರಾ ವಿರುದ್ಧ. ಅದು ಮಣ್ಣಿನ ಜೇಡಿಗೆ, ನಮ್ಮ ಕೆಂಪು ಮಣ್ಣಿಗೆ ಕೆಂಪು ಬಣ್ಣ ಕೊಟ್ಟಿರುವ ಕಬ್ಬಿಣದ ಆಕ್ಸೈಡಿಗೆ ಅಂಟಿಕೊಂಡು ಕೂರುತ್ತದೆ. ಹಾಕಿದ ರಂಜಕದಲ್ಲಿ ಆ ವರ್ಷದ ಬೆಳೆ ಎಳೆದುಕೊಳ್ಳುವುದು ಸಾಮಾನ್ಯವಾಗಿ ಐದನೇ ಒಂದು ಭಾಗದ ಆಸುಪಾಸು; ಉಳಿದದ್ದು ಮೇಲ್ಮಣ್ಣಿನಲ್ಲಿಯೇ ಉಳಿಯುತ್ತದೆ. ಮಣ್ಣು ಕದಲದಿದ್ದರೆ ಅದೂ ಹೆಚ್ಚಾಗಿ ಕದಲುವುದಿಲ್ಲ. ಮಣ್ಣು ಕೊಚ್ಚಿಹೋದರೆ ಅದರ ಬೆನ್ನೇರಿ ಕೆರೆಗೆ ಹೋಗುತ್ತದೆ.

ಕೆರೆಯ ಪಾಚಿಗೆ ಎರಡೂ ಬೇಕು, ಆದರೆ ಹೆಚ್ಚಿನ ಸಿಹಿನೀರಿನ ಕೆರೆಗಳಲ್ಲಿ ಮೊದಲು ಕೊರತೆ ಬೀಳುವುದು ರಂಜಕಕ್ಕೆ. ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1973ರಲ್ಲಿ ಮಾಡಿದ ಪ್ರಯೋಗ. 226 ಎಂಬ ಸಂಖ್ಯೆಯಷ್ಟೇ ಹೆಸರಾಗಿದ್ದ ಒಂದು ಸರೋವರದ ಸೊಂಟದಂತೆ ಕಿರಿದಾದ ಭಾಗಕ್ಕೆ ಅಡ್ಡಲಾಗಿ ಪರದೆ ಇಳಿಬಿಟ್ಟು ಅದನ್ನು ಇಬ್ಭಾಗ ಮಾಡಿದರು. ಒಂದು ಬದಿಗೆ ಇಂಗಾಲ ಮತ್ತು ಸಾರಜನಕ ಸುರಿದರು, ಮತ್ತೊಂದು ಬದಿಗೆ ಅವೆರಡರ ಜೊತೆಗೆ ರಂಜಕವನ್ನೂ ಸುರಿದರು. ರಂಜಕ ಬಿದ್ದ ಬದಿ ಗಾಢ ಹಸಿರಾಯಿತು, ಇನ್ನೊಂದು ಬದಿ ಮೊದಲಿನಂತೆಯೇ ಉಳಿಯಿತು. ಆಕಾಶದಿಂದ ತೆಗೆದ ಆ ಚಿತ್ರ ಸರೋವರ ವಿಜ್ಞಾನ ಕಲಿಯುವ ಪ್ರತಿಯೊಬ್ಬನೂ ನೋಡಿರುವಂಥದ್ದು. ನಮ್ಮಂಥ ಬಿಸಿನಾಡಿನ ಆಳವಿಲ್ಲದ ಕೆರೆಗಳಲ್ಲಿ ಕೆಲವೊಮ್ಮೆ ಸಾರಜನಕವೂ ಕೊರತೆಯಾಗುತ್ತದೆ. ಎರಡನ್ನೂ ತಡೆಯಬೇಕೋ ರಂಜಕವೊಂದೇ ಸಾಕೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇಂದಿಗೂ ನಿಂತಿಲ್ಲ. ಆದರೆ ನಿಮ್ಮ ಪ್ರಶ್ನೆಗೆ ಬೇಕಾದಷ್ಟು ಉತ್ತರ ಇದರಲ್ಲಿದೆ. ಯೂರಿಯಾ ಒಂದನ್ನೇ ಬಿಟ್ಟರೆ ಕೆರೆ ಸರಿಹೋಗುವುದಿಲ್ಲ. ನೀಲಿ-ಹಸಿರು ಪಾಚಿಯ ಕೆಲವು ಬಗೆಗಳು ಬೇಳೆಕಾಳಿನ ಬೇರುಗಂಟುಗಳಂತೆ ಗಾಳಿಯ ಸಾರಜನಕವನ್ನೇ ಹಿಡಿದುಕೊಳ್ಳುತ್ತವೆ. ನೀರಿನಲ್ಲಿ ರಂಜಕ ಧಾರಾಳವಾಗಿದ್ದು ಸಾರಜನಕ ಕಡಿಮೆಯಾದರೆ, ಉಳಿದ ಪಾಚಿಗಳು ಸೊರಗಿ ಈ ಜಾತಿಗೇ ಜಾಗ ಬಿಟ್ಟುಕೊಟ್ಟಂತಾಗುತ್ತದೆ. ಯೂರಿಯಾ ಮಿತಿಮೀರಿ ಹಾಕುವುದನ್ನು ಬಿಡಲು ಕಾರಣಗಳು ಬೇಕಾದಷ್ಟಿವೆ, ನಿಮ್ಮ ಬೋರ್‌ವೆಲ್ ನೀರೇ ಮೊದಲ ಕಾರಣ. ಕೆರೆಯ ಹಸಿರಿಗೆ ಮಾತ್ರ ಅದು ಮದ್ದಲ್ಲ.

ಎಷ್ಟು ರಂಜಕ ಬಂದರೆ ಕೆರೆ ಕೆಡುತ್ತದೆ? ಇಲ್ಲಿ ಒಂದು ಲೆಕ್ಕ ಮಾಡಿ ನೋಡೋಣ. ಇಪ್ಪತ್ತೈದು ಎಕರೆ ಎಂದರೆ ಸುಮಾರು 10 ಹೆಕ್ಟೇರ್. ಸರಾಸರಿ ಎರಡು ಮೀಟರ್ ನೀರಿದ್ದರೆ ಒಟ್ಟು 20 ಕೋಟಿ ಲೀಟರ್. ಒಂದು ಲೀಟರಿಗೆ 30 ಮೈಕ್ರೋಗ್ರಾಂ ಆಸುಪಾಸಿನ ರಂಜಕ ಸೇರಿದರೆ ನೀರು ಪಾಚಿಗೆ ಹದವಾಯಿತೆಂದೇ ಅರ್ಥ. ಇಡೀ ಕೆರೆಗೆ ಅಷ್ಟು ಸೇರಲು ಬೇಕಾದ ರಂಜಕ 6 ಕಿಲೋ ಮಾತ್ರ. 50 ಕಿಲೋ ಡಿಎಪಿ ಚೀಲದ ಮೇಲೆ 18-46-0 ಎಂದಿರುತ್ತದೆ. ಆ 46 ಎಂಬುದು ರಂಜಕದ ಶೇಕಡಾ ಪ್ರಮಾಣ, ಆದರೆ ಆಕ್ಸೈಡ್ ರೂಪದ ಲೆಕ್ಕ, ಶುದ್ಧ ರಂಜಕ ಚೀಲಕ್ಕೆ ಸುಮಾರು 10 ಕಿಲೋ ಆಗುತ್ತದೆ. ಅಂದರೆ ಚೀಲದ ಮುಕ್ಕಾಲಿಗೂ ಕಡಿಮೆ ಸಾಕು. ಇನ್ನು ಕೆರೆಗೆ ನೀರು ಬರುವ ಮೇಲಿನ ಜಮೀನು 250 ಎಕರೆ ಎಂದೂ ಎಕರೆಗೊಂದು ಚೀಲ ಡಿಎಪಿ ಬಿದ್ದಿದೆಯೆಂದೂ ಇಟ್ಟುಕೊಳ್ಳಿ; ಒಟ್ಟು ರಂಜಕ 2,500 ಕಿಲೋ. ಅದರಲ್ಲಿ ಸಾವಿರಕ್ಕೆ ಎರಡೂವರೆ ಪಾಲು ತಪ್ಪಿಸಿಕೊಂಡು ಬಂದರೂ ಕೆರೆಗೆ 6 ಕಿಲೋ ಸೇರುತ್ತದೆ. ಒಂದು ಗ್ರಾಂ ರಂಜಕದಿಂದ ಒಣ ತೂಕದಲ್ಲಿ ನೂರು ಗ್ರಾಂನಷ್ಟು ಪಾಚಿ ಬೆಳೆಯಬಲ್ಲದು. ಆರು ಕಿಲೋದಿಂದ ಆರುನೂರು ಕಿಲೋ. ರೈತನ ಕಣ್ಣಿಗೆ ಬೀಳದಷ್ಟು ಸಣ್ಣ ನಷ್ಟ, ಕೆರೆಗೆ ತಡೆಯಲಾಗದಷ್ಟು ದೊಡ್ಡ ಹೊರೆ. ಗುತ್ತಿಗೆದಾರರು ಗೊಬ್ಬರ ಹರಿದುಬಂದಿದೆ ಎಂದಾಗಲೂ, ಮೇಲಿನ ಹೊಲದವರು ನಮ್ಮ ಗೊಬ್ಬರ ಎಲ್ಲೂ ಹೋಗಿಲ್ಲ, ಬೆಳೆ ಚೆನ್ನಾಗಿಯೇ ಬಂದಿದೆ ಎಂದಾಗಲೂ ಸುಳ್ಳು ಹೇಳುತ್ತಿರುವುದಿಲ್ಲ.

ಇನ್ನು ಜುಲೈಯಿಂದ ಏಪ್ರಿಲ್‌ವರೆಗಿನ ಪ್ರಯಾಣ. ವರ್ಷವಿಡೀ ಬರುವ ರಂಜಕದಲ್ಲಿ ದೊಡ್ಡ ಪಾಲು ಕೆಲವೇ ಜೋರು ಮಳೆಗಳಲ್ಲಿ, ಕೆಲವೇ ಗಂಟೆಗಳಲ್ಲಿ ಬಂದುಬಿಡುತ್ತದೆ. ಉತ್ತು ಸಡಿಲವಾದ ಹೊಲ, ಆಗತಾನೆ ಎರಚಿದ ಗೊಬ್ಬರ, ಪೈರು ಇನ್ನೂ ಗೇಣುದ್ದ; ಅಂಥ ಹೊತ್ತಿನಲ್ಲಿ ಬಿದ್ದ ಮಳೆಗೆ ಹಳ್ಳದಲ್ಲಿ ಹರಿಯುವ ಕೆಂಪು ನೀರನ್ನು ಬೊಗಸೆಯಲ್ಲಿ ಎತ್ತಿ ಸ್ವಲ್ಪ ಹೊತ್ತು ಹಿಡಿದರೆ ಬೆರಳ ಸಂದಿಯಲ್ಲಿ ನುಣ್ಣನೆಯ ಮಣ್ಣು ಉಳಿಯುತ್ತದೆ. ದಪ್ಪ ಮರಳು ದಾರಿಯಲ್ಲೇ ನಿಲ್ಲುತ್ತದೆ, ಕೆರೆಯವರೆಗೆ ಹೋಗುವುದು ಈ ನುಣುಪೇ, ರಂಜಕ ಹೆಚ್ಚಾಗಿ ಅಂಟಿರುವುದೂ ಇದಕ್ಕೇ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕೆರೆ ಹಸಿರಾಗದಿರಲು ಕಾರಣ ರಂಜಕ ಇಲ್ಲದಿರುವುದಲ್ಲ. ನೀರು ಕೆಂಪಗೆ ಬಗ್ಗಡವಾಗಿರುವುದರಿಂದ ಬಿಸಿಲು ಒಳಗಿಳಿಯುವುದಿಲ್ಲ, ಕೋಡಿ ಹರಿದರೆ ನೀರು ಬದಲಾಗುತ್ತಲೂ ಇರುತ್ತದೆ. ದೀಪಾವಳಿಯ ಹೊತ್ತಿಗೆ ಮಣ್ಣು ತಳಕ್ಕಿಳಿದು ನೀರು ತಿಳಿಯಾಗುತ್ತದೆ. ರಂಜಕ ಹೂಳು ಸೇರಿತು, ಕಥೆ ಮುಗಿಯಿತು ಎಂದು ತೋರುತ್ತದೆ.

ಮುಗಿಯುವುದಿಲ್ಲ. ತಳದ ಹೂಳಿನಲ್ಲಿ ಸತ್ತ ಪಾಚಿ, ಎಲೆ, ಸಗಣಿ ಎಲ್ಲವೂ ಕೊಳೆಯುತ್ತಿರುತ್ತವೆ. ಕೊಳೆಯಲು ಆಮ್ಲಜನಕ ಬೇಕು. ಬಿಸಿಲೇರಿದಂತೆ ಕೊಳೆಯುವಿಕೆ ಚುರುಕಾಗಿ ತಳದ ಆಮ್ಲಜನಕ ಬರಿದಾಗುತ್ತದೆ. ಬೇಸಿಗೆಯಲ್ಲಿ ಕೆರೆಗಿಳಿದು ಕಾಲು ಹೂತಾಗ ಮೇಲೇಳುವ ಕರಿಮಣ್ಣು, ಕೊಳೆತ ಮೊಟ್ಟೆಯ ನಾತ, ಇವು ಅಲ್ಲಿ ಆಮ್ಲಜನಕ ಇಲ್ಲವೆಂಬುದರ ಗುರುತು. ಆಮ್ಲಜನಕವಿದ್ದಾಗ ರಂಜಕವನ್ನು ಬಿಗಿಯಾಗಿ ಹಿಡಿದಿದ್ದ ಕಬ್ಬಿಣ, ಅದಿಲ್ಲದಾಗ ರೂಪ ಬದಲಿಸಿ ನೀರಿನಲ್ಲಿ ಕರಗುತ್ತದೆ, ಹಿಡಿದದ್ದನ್ನು ಬಿಟ್ಟುಬಿಡುತ್ತದೆ. ಮಣ್ಣಿಗಂಟಿ ಬಂದ ರಂಜಕ ಈಗ ಕರಗಿದ ರೂಪದಲ್ಲಿ, ಪಾಚಿಯ ಬಾಯಿಗೆ ಇಟ್ಟಂತೆ ಮೇಲೆ ಬರುತ್ತದೆ. ಅದೇ ಸಮಯಕ್ಕೆ ಕೆರೆಯಲ್ಲಿ ನೀರು ಇಳಿದಿರುತ್ತದೆ, ಕಾದಿರುತ್ತದೆ, ಅಲುಗದೆ ನಿಂತಿರುತ್ತದೆ. ಮೂರೂ ನೀಲಿ-ಹಸಿರು ಪಾಚಿಗೆ ಪ್ರಿಯವಾದುವೇ. ಏಪ್ರಿಲ್‌ನ ಹಸಿರು ಕಳೆದ ಜುಲೈಯದೊಂದೇ ಅಲ್ಲ. ಅದರ ಹಿಂದಿನ ಹತ್ತು ಹದಿನೈದು ಜುಲೈಗಳದೂ ಹೌದು. ಮೂರು ವರ್ಷಗಳಿಂದ ಮಾತ್ರ ಕಾಣುತ್ತಿದೆ ಎಂದರೆ ಮೂರು ವರ್ಷಗಳಿಂದ ಮಾತ್ರ ಬರುತ್ತಿದೆ ಎಂದು ತಿಳಿಯಬೇಡಿ.

ಮೀನು ಬೆಳಗಿನ ಜಾವವೇ ಸತ್ತದ್ದಕ್ಕೂ ಇದರಲ್ಲೇ ವಿವರಣೆಯಿದೆ. ಹಗಲು ಪಾಚಿ ಆಮ್ಲಜನಕ ಕೊಡುತ್ತದೆ, ಕತ್ತಲಾದ ಮೇಲೆ ತಾನೂ ಉಸಿರಾಡಿ ಅದನ್ನೇ ತೆಗೆದುಕೊಳ್ಳುತ್ತದೆ. ಪಾಚಿ ದಟ್ಟವಾಗಿದ್ದಷ್ಟೂ ರಾತ್ರಿಯ ಖರ್ಚು ಹೆಚ್ಚು, ಸೂರ್ಯೋದಯಕ್ಕೆ ಮುಂಚೆ ಜಮೆ ಸೊನ್ನೆಗೆ ಬಂದಿರುತ್ತದೆ. ಹಿಂದಿನ ದಿನಗಳಲ್ಲಿ ಮೀನು ಮುಂಜಾನೆ ಮೇಲೆ ಬಂದು ಬಾಯಿ ಬಿಡುತ್ತಿದ್ದುದನ್ನು ಯಾರಾದರೂ ನೋಡಿರುತ್ತಾರೆ, ಕೇಳಿ ನೋಡಿ. ಮೋಡ ಕವಿದ ದಿನದ ಮರುಬೆಳಿಗ್ಗೆ, ಅಥವಾ ಪಾಚಿಯೆಲ್ಲ ಒಮ್ಮೆಗೇ ಸತ್ತು ಕೊಳೆಯತೊಡಗಿದಾಗ, ಇದು ವಿಕೋಪಕ್ಕೆ ಹೋಗುತ್ತದೆ.

ಇಷ್ಟು ಹೇಳಿದ ಮೇಲೆ, ಗೊಬ್ಬರವೊಂದನ್ನೇ ಕಟಕಟೆಗೆ ಹತ್ತಿಸುವುದು ನ್ಯಾಯವಲ್ಲ ಎಂದೂ ಹೇಳಬೇಕು. ನಿಮ್ಮ ಊರಿನ ಚರಂಡಿ ಎಲ್ಲಿಗೆ ಹೋಗುತ್ತದೆಂದು ಪ್ರಶ್ನೆಯಲ್ಲಿ ಬರೆದಿಲ್ಲ. ಅದು ಕೆರೆಗೇ ಹೋಗುತ್ತಿದ್ದರೆ ಮೊದಲು ನೋಡಬೇಕಾದದ್ದು ಅದನ್ನು. ಒಬ್ಬ ಮನುಷ್ಯನ ಮಲಮೂತ್ರದಿಂದ, ಊಟಕ್ಕೆ ತಕ್ಕಂತೆ, ವರ್ಷಕ್ಕೆ ಕಾಲು ಕಿಲೋದಿಂದ ಅರ್ಧ ಕಿಲೋವರೆಗೆ ರಂಜಕ ಹೊರಬೀಳುತ್ತದೆ. ಬಟ್ಟೆ ಪಾತ್ರೆ ತೊಳೆಯುವ ಪುಡಿಯದು ಬೇರೆ. ನೂರು ಜನರ ಚರಂಡಿಯಲ್ಲಿ ಕಾಲು ಭಾಗ ತಲುಪಿದರೂ ನಮ್ಮ ಆರು ಕಿಲೋ ಆಯಿತು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ, 2015ರಲ್ಲಿ ಆ ನೊರೆಗೆ ಬೆಂಕಿ ಹತ್ತಿಕೊಂಡದ್ದಕ್ಕೆ ಯಾವ ರೈತನೂ ಹೊಣೆಯಲ್ಲ. ಅದು ನಗರದ ಕೊಳಚೆಯ ಕಥೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿದು ಬರುತ್ತಿರುವ ಕೋಲಾರದ ಕೆರೆಗಳ ವಿಷಯದಲ್ಲೂ ಕೇಳಬೇಕಾದ ಪ್ರಶ್ನೆ ಇದೇ: ಎರಡನೇ ಹಂತದವರೆಗಿನ ಸಾಮಾನ್ಯ ಶುದ್ಧೀಕರಣ ಕೊಳೆಯನ್ನು ತೆಗೆಯುತ್ತದೆ, ರಂಜಕವನ್ನು ತೆಗೆಯಲು ಅದಕ್ಕೆಂದೇ ಪ್ರತ್ಯೇಕ ವ್ಯವಸ್ಥೆ ಬೇಕು.

ಕೊಟ್ಟಿಗೆ ಗೊಬ್ಬರ ಹಾಕುವವರು ತಮಗಿದು ಸಂಬಂಧಿಸಿದ್ದಲ್ಲ ಎಂದುಕೊಳ್ಳುವುದುಂಟು. ಹತ್ತು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಹೆಚ್ಚುಕಡಿಮೆ ಒಂದು ಚೀಲ ಡಿಎಪಿಯಷ್ಟೇ ರಂಜಕವಿರುತ್ತದೆ. ಕೋಳಿ ಗೊಬ್ಬರದಲ್ಲಿ ಇದಕ್ಕಿಂತಲೂ ಹೆಚ್ಚು. ಅವು ಮಣ್ಣಿಗೆ ಒಳ್ಳೆಯವು, ಮಣ್ಣು ಕೊಚ್ಚಿಹೋಗುವುದನ್ನು ಕಡಿಮೆ ಮಾಡುತ್ತವೆ ಎಂಬುದು ನಿಜ. ಆದರೆ ಬೇಸಿಗೆಯಲ್ಲೇ ಲೋಡು ತರಿಸಿ ಹಳ್ಳದ ಪಕ್ಕದ ಅಡಿಕೆ ತೋಟದಲ್ಲಿ ರಾಶಿ ಹಾಕಿಟ್ಟು, ಮೊದಲ ಮಳೆ ಆ ರಾಶಿಯ ಮೇಲೆಯೇ ಬಿದ್ದರೆ ಪಾಚಿಗೆ ಅದು ಸಾವಯವವೋ ರಾಸಾಯನಿಕವೋ ಎಂಬ ಭೇದವಿಲ್ಲ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಕೆರೆಯಂಗಳದಲ್ಲೇ ಸೌತೆ, ತರಕಾರಿ ಬೆಳೆದು ಗೊಬ್ಬರ ಹಾಕುವ ಕಡೆಗಳಲ್ಲಂತೂ ಹರಿದು ಬರುವ ದಾರಿಯೂ ಬೇಕಿಲ್ಲ.

ಮೀನಿನ ಗುತ್ತಿಗೆದಾರರಿಗೂ ಒಂದು ಪ್ರಶ್ನೆ ಕೇಳಿ, ಜಗಳಕ್ಕಲ್ಲ, ಲೆಕ್ಕಕ್ಕೆ. ಕಾಟ್ಲಾ, ರೋಹುಗಳಿಗೆ ಮೇವಾಗಿ ಸೂಕ್ಷ್ಮಜೀವಿಗಳು ಬೆಳೆಯಲೆಂದು ಮೀನು ಸಾಕಣೆಯಲ್ಲಿ ನೀರಿಗೆ ಸಗಣಿ, ಕೋಳಿ ಗೊಬ್ಬರ, ಸೂಪರ್ ಫಾಸ್ಫೇಟ್ ಹಾಕುವುದು ಒಪ್ಪಿತವಾದ ಪದ್ಧತಿ. ಈ ಮೂರು ವರ್ಷಗಳಲ್ಲಿ ಅವರು ಏನು, ಎಷ್ಟು ಹಾಕಿದ್ದಾರೆ? ತಳದ ಮಣ್ಣು ಕೆದಕಿ ತಿನ್ನುವ ಸಾಮಾನ್ಯ ಗೆಂಡೆ ಎಷ್ಟು ಬಿಟ್ಟಿದ್ದಾರೆ? ಈಗಾಗಲೇ ರಂಜಕ ತುಂಬಿರುವ ಕೆರೆಗೆ ಮೇಲಿಂದ ಗೊಬ್ಬರ ಹಾಕುವುದು ಅವರಿಗೂ ನಷ್ಟವೇ.

ಪರಿಹಾರದ ಕಡೆಗೆ ಬರುವ ಮುನ್ನ ಅಮೆರಿಕ, ಕೆನಡಾ ನಡುವಿನ ಈರಿ ಸರೋವರದ ಅನುಭವವನ್ನು ಹೇಳಲೇಬೇಕು, ಏಕೆಂದರೆ ನಾವು ಮಾಡಬಹುದಾದ ತಪ್ಪೊಂದನ್ನು ಅವರು ಮೊದಲೇ ಮಾಡಿ ನೋಡಿದ್ದಾರೆ. 1972ರ ಒಪ್ಪಂದದ ಬಳಿಕ ಎರಡೂ ದೇಶಗಳು ಡಿಟರ್ಜೆಂಟಿನ ಮತ್ತು ಕೊಳಚೆಯ ರಂಜಕವನ್ನು ಹಿಡಿತಕ್ಕೆ ತಂದವು. 1980ರ ದಶಕದಲ್ಲಿ ಸರೋವರ ಚೇತರಿಸಿಕೊಂಡಿತು. 1990ರ ದಶಕದ ನಡುವಿನಿಂದ ಹಸಿರು ಮರಳಿ ಬಂತು. ಈ ಸಲ ಅದು ಬಂದದ್ದು ಮುಖ್ಯವಾಗಿ ಮೌಮಿ ನದಿ ಹರಿದು ಬರುವ ಮೆಕ್ಕೆಜೋಳ, ಸೋಯಾ ಹೊಲಗಳಿಂದ. ಅಲ್ಲಿನ ರೈತರು ಅಸಡ್ಡೆ ಮಾಡಿದವರಲ್ಲ. ಮಣ್ಣು ಕೊಚ್ಚಿಹೋಗದಿರಲೆಂದು ಉಳುಮೆಯನ್ನೇ ಕಡಿಮೆ ಮಾಡಿದ್ದರು. ಆದರೆ ಗೊಬ್ಬರವನ್ನು ಮಣ್ಣಿಗೆ ಬೆರೆಸದೆ ಮೇಲೆಯೇ ಎರಚಿದ್ದರಿಂದ ರಂಜಕ ಮೇಲ್ಪದರದಲ್ಲಿ ಶೇಖರವಾಗಿ, ಮಣ್ಣಿಗಂಟಿ ಹೋಗುವುದು ತಗ್ಗಿದರೂ ನೀರಿನಲ್ಲಿ ಕರಗಿ ಹೋಗುವುದು ಏರಿತು. ಹೊಲದಡಿಯ ಬಸಿಕೊಳವೆಗಳೂ ಅದಕ್ಕೆ ದಾರಿ ಮಾಡಿಕೊಟ್ಟವು. 2014ರ ಆಗಸ್ಟ್ 2ರಂದು ಸರೋವರದ ನೀರನ್ನೇ ನೆಚ್ಚಿದ್ದ ಟೊಲೆಡೊ ನಗರದ ಶುದ್ಧೀಕರಿಸಿದ ನೀರಿನಲ್ಲಿ ಮೈಕ್ರೋಸಿಸ್ಟಿನ್ ಲೀಟರಿಗೆ 1 ಮೈಕ್ರೋಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಾಟಿ, ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಎರಡು ಮೂರು ದಿನ ನಲ್ಲಿ ನೀರು ಕುಡಿಯಬಾರದೆಂಬ ಆದೇಶ ಹೊರಡಿಸಬೇಕಾಯಿತು. ಮಣ್ಣು ಉಳಿಸಿದರೆ ಅರ್ಧ ಕೆಲಸ, ಗೊಬ್ಬರವನ್ನು ಮಣ್ಣಿನೊಳಗೆ ಇಟ್ಟರೆ ಉಳಿದರ್ಧ.

ನಮ್ಮಲ್ಲಿ ಕೂರಿಗೆಯ ಜೊತೆಗೆ ಸಾಲಿನಲ್ಲೇ ಗೊಬ್ಬರ ಬಿಡುವ ಪದ್ಧತಿ ಹೊಸದೇನಲ್ಲ. ಆಳು ಸಿಗದ ಕಾಲದಲ್ಲಿ ಅದು ಎರಚುವುದಕ್ಕೆ ತಿರುಗಿತು, ಅಷ್ಟೇ. ಬೀಜದ ಸಾಲಿನ ಪಕ್ಕದಲ್ಲಿ, ಎರಡು ಮೂರು ಅಂಗುಲ ಆಳದಲ್ಲಿ ಬಿದ್ದ ಡಿಎಪಿ ಮಳೆಯ ಕೈಗೆ ಸುಲಭವಾಗಿ ಸಿಗುವುದಿಲ್ಲ, ಬೇರಿನ ಕೈಗೆ ಬೇಗ ಸಿಗುತ್ತದೆ. ಎರಚಲೇಬೇಕಾದರೆ ಆ ದಿನವೇ ಕುಂಟೆ ಹೊಡೆದು ಮಣ್ಣಿಗೆ ಬೆರೆಸಿ; ಜೋರು ಮಳೆಯ ಮುನ್ಸೂಚನೆ ಇದ್ದರೆ ಎರಡು ದಿನ ತಡೆಯಿರಿ. ಎಲ್ಲಕ್ಕಿಂತ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ರೈತ ಸಂಪರ್ಕ ಕೇಂದ್ರದ ಮೂಲಕ ಅದಕ್ಕೆ ಅವಕಾಶವಿದೆ. ಚೀಟಿಯಲ್ಲಿ ಲಭ್ಯ ರಂಜಕ ಹೆಚ್ಚು ಎಂದು ಬಂದಿದ್ದರೆ, ವರ್ಷಗಟ್ಟಲೆ ಡಿಎಪಿ ಹಾಕಿದ ತೋಟಗಳಲ್ಲಿ ಹಾಗೆ ಬರುವುದು ಅಪರೂಪವೂ ಅಲ್ಲ, ಈ ವರ್ಷದ ಡಿಎಪಿಯನ್ನು ಅರ್ಧಕ್ಕಿಳಿಸುವ ಬಗ್ಗೆ ಕೃಷಿ ಅಧಿಕಾರಿಯನ್ನು ಕೇಳಿ. ಚೀಲಕ್ಕೆ 1,350 ರೂಪಾಯಿ ಕೊಡುವಾಗ ಈ ಪ್ರಶ್ನೆಯನ್ನು ಕೆರೆಗಾಗಿ ಅಲ್ಲದಿದ್ದರೂ ಜೇಬಿಗಾಗಿ ಕೇಳಬಹುದು. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಬದು ಗಟ್ಟಿ ಮಾಡಿ ಅದರ ಮೇಲೆ ಲಾವಂಚ ಅಥವಾ ಮೇವಿನ ಹುಲ್ಲು ಹಚ್ಚುವುದು, ಹಳ್ಳದ ಅಂಚಿನಲ್ಲಿ ನಾಲ್ಕೈದು ಮೀಟರಾದರೂ ಉಳದೆ ಬಿಡುವುದು, ಇವನ್ನು ನೀವು ಕೇಳಿಯೇ ಇರುತ್ತೀರಿ. ಮೇಲಿನ ಹೊಲದವರು ಕೇಳುವಂತೆ ಹೇಳುವವರು ಬೇಕು.

ಕೆರೆಗೆ ನೀರು ಬೀಳುವ ಬಾಯಿಯಲ್ಲಿ ಒಂದು ಸಣ್ಣ ಹೂಳುಗುಂಡಿ ತೆಗೆಸಿ ಅದರ ಮುಂದೆ ಜೊಂಡು ಬೆಳೆಯಲು ಬಿಟ್ಟರೆ ಮಣ್ಣಿನ ಒಂದು ಪಾಲು ಅಲ್ಲೇ ನಿಲ್ಲುತ್ತದೆ. ಆದರೆ ಗುಂಡಿಯನ್ನು ಪ್ರತಿ ಬೇಸಿಗೆಯಲ್ಲೂ ಖಾಲಿ ಮಾಡಬೇಕು, ಜೊಂಡನ್ನು ಕೊಯ್ದು ಹೊರಗೆ ಸಾಗಿಸಬೇಕು. ಅಲ್ಲೇ ಕೊಳೆಯಲು ಬಿಟ್ಟರೆ ಹಿಡಿದದ್ದನ್ನೆಲ್ಲ ವಾಪಸು ಕೊಡುತ್ತದೆ.

ಕೆರೆಯೊಳಗೆ ಈಗಾಗಲೇ ಕೂಡಿಕೊಂಡಿರುವ ರಂಜಕಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉಪಾಯ ನಿಮ್ಮ ಅಜ್ಜಂದಿರಿಗೆ ಗೊತ್ತಿದ್ದದ್ದೇ: ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗೋಡು ತೆಗೆದು ಗಾಡಿಯಲ್ಲಿ ಹೊಲಕ್ಕೆ ಹೊಡೆಯುವುದು. ಅದು ಹೊಲದಿಂದಲೇ ಬಂದ ಮೇಲ್ಮಣ್ಣು, ಹೊಲದಿಂದಲೇ ಬಂದ ರಂಜಕ, ಮೂಲಸ್ಥಾನಕ್ಕೆ ಮರಳಿಸಿದಂತೆ. ಇಂದಿನ ಹೂಳೆತ್ತುವ ಕಾಮಗಾರಿಗಳಲ್ಲಿ ಎತ್ತಿದ ಮಣ್ಣನ್ನು ಕೆರೆಯ ಅಂಚಿನಲ್ಲೇ ಗುಡ್ಡೆ ಹಾಕಿ ಹೋಗುವುದನ್ನು ಕಂಡಾಗ ಬೇಸರವಾಗುತ್ತದೆ, ಮೊದಲ ಮಳೆಗೇ ಅದು ಒಳಗಿಳಿಯುತ್ತದೆ. ಊರಿನ ಚರಂಡಿಯೋ ಕಾರ್ಖಾನೆಯ ನೀರೋ ಸೇರುವ ಕೆರೆಯಾದರೆ ಮಾತ್ರ ಹೂಳನ್ನು ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಬೇಡಿ.

ಮಾಡಬಾರದ್ದು ಎರಡಿದೆ. ಮೈಲುತುತ್ತ, ಬ್ಲೀಚಿಂಗ್ ಪುಡಿ ಸುರಿಯಬೇಡಿ. ಪಾಚಿಯ ಜೀವಕೋಶಗಳು ಒಡೆದು ಒಳಗಿದ್ದ ವಿಷವೆಲ್ಲ ಒಂದೇ ಬಾರಿಗೆ ನೀರಿಗೆ ಬರುತ್ತದೆ, ಸತ್ತ ಪಾಚಿ ಕೊಳೆತು ಉಳಿದ ಮೀನೂ ಹೋಗುತ್ತದೆ. ಎರಡನೆಯದು, ಡ್ರಮ್ಮುಗಳಲ್ಲಿ ಮಾರುವ ಸೂಕ್ಷ್ಮಾಣು ದ್ರಾವಣಗಳಿಗೆ ಪಂಚಾಯಿತಿಯ ಹಣ ಹಾಕಬೇಡಿ. ನಾತ ತಗ್ಗಬಹುದು, ಆದರೆ ರಂಜಕ ಗಾಳಿಗೆ ಹಾರಿಹೋಗುವ ವಸ್ತುವಲ್ಲ, ಮಣ್ಣಿನ, ಜೊಂಡಿನ ಅಥವಾ ಮೀನಿನ ರೂಪದಲ್ಲಿ ಹೊತ್ತು ಹೊರಗೆ ಹಾಕದ ಹೊರತು ಅದು ಕೆರೆಯಲ್ಲೇ ಇರುತ್ತದೆ.

ಇಷ್ಟೆಲ್ಲ ಮಾಡಿದರೂ ಮೊದಲ ಎರಡು ಮೂರು ಬೇಸಿಗೆಗಳಲ್ಲಿ ಹಸಿರು ಕಾಣಿಸಿಕೊಳ್ಳಬಹುದು, ಹೂಳಿನ ಹಳೆಯ ಸಾಲ ತೀರಬೇಕಲ್ಲ. ಬದಲಾವಣೆ ಅಳೆಯಲು ಒಂದು ಸುಲಭ ಸಾಧನವಿದೆ: ಒಂದು ಗೇಣಗಲದ ತಟ್ಟೆಗೆ ಬಿಳಿ ಬಣ್ಣ ಬಳಿದು, ಅದರ ಎದುರುಬದುರಾದ ಎರಡು ಕಾಲುಭಾಗಗಳಿಗೆ ಕಪ್ಪು ಹಚ್ಚಿ, ನಡುವೆ ತೂತು ಮಾಡಿ, ಭಾರ ಕಟ್ಟಿ, ಹಗ್ಗದಲ್ಲಿ ತೆಪ್ಪದಿಂದ ಇಳಿಬಿಡಿ, ತಟ್ಟೆ ಕಣ್ಮರೆಯಾದ ಆಳವನ್ನು ಪ್ರತಿ ತಿಂಗಳೂ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಬರೆದಿಡಿ. ಊರಿನ ಶಾಲೆಯ ಮಕ್ಕಳಿಗೆ ಇದು ಒಳ್ಳೆಯ ಕೆಲಸ, ಆದರೆ ದೊಡ್ಡವರೊಬ್ಬರು ಜೊತೆಗಿರಲಿ. ಪ್ರಯೋಗಾಲಯಕ್ಕೆ ನೀರು ಕಳಿಸುವುದಾದರೆ ಎರಡು ಮಾದರಿ ತೆಗೆಯಿರಿ: ಮುಂಗಾರಿನ ಮೊದಲ ದೊಡ್ಡ ಮಳೆಯಲ್ಲಿ ಹಳ್ಳ ಕೆರೆ ಸೇರುವ ಬಾಯಿಯಲ್ಲಿ ಒಂದು, ಏಪ್ರಿಲ್‌ನಲ್ಲಿ ಕೆರೆಯ ನಡುವೆ ಒಂದು. ಎರಡರಲ್ಲೂ ಒಟ್ಟು ರಂಜಕ ಮತ್ತು ಕರಗಿದ ರಂಜಕವನ್ನು ಬೇರೆಬೇರೆಯಾಗಿ ಅಳೆಯಲು ಕೇಳಿ. ಸ್ವಚ್ಛವಾದ ಬಾಟಲಿಯಲ್ಲಿ ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು, ಅಂದೇ ತಲುಪಿಸಿ. ಚರಂಡಿ ಸೇರುವ ಜಾಗವಿದ್ದರೆ ಅಲ್ಲಿಂದ ಮೂರನೆಯ ಬಾಟಲಿ. ಮೂರು ಚೀಟಿಗಳು ಕೈಗೆ ಬಂದ ಮೇಲೆ ಗುತ್ತಿಗೆದಾರರನ್ನೂ ಮೇಲಿನ ಹೊಲದವರನ್ನೂ ಒಟ್ಟಿಗೆ ಕೂರಿಸಿ ಮಾತಾಡಿ. ಅಂಕಿಗಳನ್ನು ನನಗೂ ಕಳಿಸಿದರೆ ಯಾವುದರ ಪಾಲು ಎಷ್ಟೆಂದು ನೋಡಿ ಹೇಳಬಲ್ಲೆ.